ಜವಾನನ ಹೃದಯ, ಸಾಹೇಬರ ಹೃದಯ

ದೊಡ್ಡ ಸಾಹೇಬರಿಗೆ ಟೆನ್ಷನ್ ಜಾಸ್ತಿ, ಹಾರ್ಟ್ ಅಟ್ಯಾಕ್ ಆಗೋದೂ ಅವರಿಗೇ ಜಾಸ್ತಿ. ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಅರವತ್ತರ ದಶಕದ ಇಂಗ್ಲೆಂಡಿನಲ್ಲೂ ಜನ ಹಾಗೇ ನಂಬಿದ್ದರು.

1967ರಲ್ಲಿ ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ ಅನ್ನೋ ಇಬ್ಬರು ವೈದ್ಯ ಸಂಶೋಧಕರು ಲಂಡನ್ನಿನ ಸರ್ಕಾರಿ ನೌಕರರ ತಪಾಸಣೆ ಶುರು ಮಾಡಿದರು. ಸುಮಾರು 18,000 ಮಂದಿ, ಎಲ್ಲರೂ ಗಂಡಸರು. ಬ್ರಿಟನ್ನಿನ ಸರ್ಕಾರಿ ಕಚೇರಿಗಳಿರುವ ರಸ್ತೆಯ ಹೆಸರು ವೈಟ್‌ಹಾಲ್, ಅಧ್ಯಯನಕ್ಕೂ ಅದೇ ಹೆಸರು ಬಂತು. ಬಿ.ಪಿ. ನೋಡಿದರು, ರಕ್ತ ತೆಗೆದರು, ಸಿಗರೇಟು ಎಷ್ಟು ಸೇದುತ್ತೀರಿ ಅಂತ ಕೇಳಿದರು, ಕೆಲಸ ಯಾವ ದರ್ಜೆಯದು ಅಂತಲೂ ಬರೆದುಕೊಂಡರು. ಆಮೇಲೆ ಯಾರು ಯಾವಾಗ ಸಾಯುತ್ತಾರೆ ಅಂತ ಲೆಕ್ಕ ಇಡುತ್ತಾ ಹೋದರು. (ಕೇಳೋಕೆ ಒಂಥರಾ ಅನಿಸುತ್ತೆ, ಆದರೆ ಇಂಥ ಅಧ್ಯಯನ ನಡೆಯೋದೇ ಹಾಗೆ.)

ಹತ್ತು ವರ್ಷದ ಲೆಕ್ಕ ತೆಗೆದಾಗ ನಂಬಿಕೆ ತಲೆಕೆಳಗಾಗಿತ್ತು. ಅದೇ ವಯಸ್ಸಿನ ಮೇಲಧಿಕಾರಿಗಳಿಗಿಂತ ಜವಾನರು, ಬಾಗಿಲು ಕಾಯುವವರು ಸಾಯುವ ಪ್ರಮಾಣ ಸುಮಾರು ಮೂರು ಪಟ್ಟು ಇತ್ತು.

ಬಡವರು ಬೇಗ ಸಾಯುತ್ತಾರೆ, ಇದರಲ್ಲೇನು ಹೊಸದು ಅಂತೀರಾ? ಇವರು ಹೊಟ್ಟೆಗಿಲ್ಲದ ಬಡವರಲ್ಲ. ಕಾಯಂ ಕೆಲಸ, ತಿಂಗಳ ಸಂಬಳ, 1948ರಿಂದ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ. ಗಣಿಯ ದೂಳಿಲ್ಲ, ಕೈ ಕತ್ತರಿಸುವ ಮಷೀನಿಲ್ಲ. ಇನ್ನೂ ಸೋಜಿಗದ ವಿಷಯ ಏನಂದ್ರೆ, ಬಡವರು ಈ ಕಡೆ, ಉಳಿದವರು ಆ ಕಡೆ ಅನ್ನುವ ಒಂದು ಗೆರೆಯೇ ಅಲ್ಲಿ ಸಿಗಲಿಲ್ಲ, ಸಿಕ್ಕಿದ್ದು ಮೆಟ್ಟಿಲು: ಒಳ್ಳೇ ಸಂಬಳದ ಎರಡನೇ ದರ್ಜೆಯ ಅಧಿಕಾರಿ ಕೂಡ ತನ್ನ ಮೇಲಿನವನಿಗಿಂತ ಬೇಗ ಸಾಯುವ ಸಾಧ್ಯತೆ ಜಾಸ್ತಿ ಇತ್ತು, ಗುಮಾಸ್ತನದು ಅದಕ್ಕಿಂತ ಜಾಸ್ತಿ, ಜವಾನನದು ಎಲ್ಲಕ್ಕಿಂತ ಜಾಸ್ತಿ.

ಸಿಗರೇಟು ಕಾರಣ ಇರಬೇಕು ಅನಿಸುತ್ತೆ. ಕೆಳಗಿನವರು ಜಾಸ್ತಿ ಸೇದುತ್ತಿದ್ದರು, ನಿಜ. ಆದರೆ ಸಿಗರೇಟು, ಬಿ.ಪಿ., ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತಗೊಂಡರೂ ಈ ಅಂತರದ ಮೂರನೇ ಒಂದು ಪಾಲಿಗೂ ಉತ್ತರ ಸಿಗಲಿಲ್ಲ. ಕುಳ್ಳಗಿದ್ದವರ ಸಾವೂ ಹೆಚ್ಚಿತ್ತು. ಎತ್ತರಕ್ಕೂ ಹೃದಯಕ್ಕೂ ಏನು ಸಂಬಂಧ ಅಂದರೆ, ಚಿಕ್ಕಂದಿನಲ್ಲಿ ಹೊಟ್ಟೆ ತುಂಬಿತ್ತಾ, ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದರಾ ಅನ್ನೋದು ಎತ್ತರದಲ್ಲೂ ಗೊತ್ತಾಗುತ್ತೆ.

1985ರಲ್ಲಿ ಮೈಕೆಲ್ ಮಾರ್ಮಟ್ ಅನ್ನೋ ಇನ್ನೊಬ್ಬ ವೈದ್ಯ ಸಂಶೋಧಕರು ಈ ಅಧ್ಯಯನದ ಎರಡನೇ ಸುತ್ತು ಶುರು ಮಾಡಿದರು. 10,308 ಜನ, ಮೂರನೇ ಒಂದು ಪಾಲು ಹೆಂಗಸರು. ಈ ಸಲ ಒಂದು ಹೊಸ ಪ್ರಶ್ನೆ ಇತ್ತು. ನಿಮ್ಮ ಕೆಲಸದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತೆ? ಯಾವ ಫೈಲು ಮೊದಲು, ಯಾವಾಗ ಎದ್ದು ಟೀ ಕುಡಿಯೋದು, ಇದನ್ನೆಲ್ಲ ಬೇರೆಯವರೇ ತೀರ್ಮಾನ ಮಾಡುವ ಕಡೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಸಾಹೇಬರಿಗೂ ಟೆನ್ಷನ್ ಇದೆ, ಆದರೆ ಬೇಡ ಅನ್ನೋ ಅಧಿಕಾರವೂ ಇದೆ.

ಬಿ.ಪಿ.ಯದೂ ಇದೇ ಕಥೆ. ಕಚೇರಿಯಲ್ಲಿದ್ದಾಗ ಮೇಲಿನವರದೂ ಕೆಳಗಿನವರದೂ ಹೆಚ್ಚುಕಮ್ಮಿ ಒಂದೇ ಸಮ ಏರಿರುತ್ತಿತ್ತು. ಮನೆಗೆ ಹೋದ ಮೇಲೆ ಸಾಹೇಬರದು ಚೆನ್ನಾಗಿ ಇಳಿಯುತ್ತಿತ್ತು, ಕೆಳಗಿನವರದು ಅಷ್ಟು ಇಳಿಯುತ್ತಿರಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಟೆನ್ಷನ್ ಹಾರ್ಮೋನುಗಳು ಏರುವುದು ಒಳ್ಳೇದೇ, ಓಡೋಕೆ ಬೇಕು. ಅದೇ ಏರಿಕೆ ಇಳಿಯದೆ ವರ್ಷಗಟ್ಟಲೆ ನಡೆದರೆ ರಕ್ತನಾಳ ತಡೆಯೋದಿಲ್ಲ.

ಇದಕ್ಕೆ ತಕರಾರೂ ಬಂತು. 2010ರಲ್ಲಿ ಇದೇ ಎರಡನೇ ಸುತ್ತಿನವರ ಲೆಕ್ಕವನ್ನು ಮತ್ತೆ ಹಾಕಿದರು. ಸಿಗರೇಟು, ಕುಡಿತ, ಊಟ, ವ್ಯಾಯಾಮದ ಬಗ್ಗೆ ಒಂದೇ ಸಲ ಕೇಳಿ ಬಿಡದೆ, ವರ್ಷಗಳುದ್ದಕ್ಕೂ ಮತ್ತೆ ಮತ್ತೆ ಕೇಳಿದ್ದನ್ನು ಸೇರಿಸಿದರೆ ಅಂತರದ ಸುಮಾರು 72 ಶೇಕಡಾ ಅಭ್ಯಾಸಗಳಿಂದಲೇ ಬಂದಂತೆ ಕಂಡಿತು. ಹಾಗಾದರೆ ತಪ್ಪು ಸೇದಿದವನದೇನಾ? ನನಗೆ ಹಾಗನಿಸೋದಿಲ್ಲ. ಒಂದೇ ಊರು, ಒಂದೇ ಸರ್ಕಾರ, ಆದರೂ ಸಿಗರೇಟು ಬಿಡೋದು ಮೇಲಿನ ಮೆಟ್ಟಿಲಲ್ಲಿ ಸಲೀಸು, ಕೆಳಗೆ ಕಷ್ಟ. ಅಭ್ಯಾಸವೂ ದರ್ಜೆ ನೋಡಿಕೊಂಡೇ ಅಂಟುತ್ತೆ.

ರಿಟೈರ್ ಆದ ಮೇಲಾದರೂ ಸರಿಹೋಯಿತಾ? ಮೊದಲ ಸುತ್ತಿನ ಗಂಡಸರನ್ನು 25 ವರ್ಷ ಗಮನಿಸಿದ್ದರು. ಕೆಲಸ ಬಿಟ್ಟ ಮೇಲೆ ದರ್ಜೆಯ ಅಂತರ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಅಷ್ಟು ಸುಲಭವಾಗಿ ಕಮ್ಮಿಯಾಗದ ಅಂತರ ಇನ್ನೊಂದಿತ್ತು: ಮನೆಯಲ್ಲಿ ಕಾರು ಇದ್ದವರಿಗೂ ಇಲ್ಲದವರಿಗೂ ನಡುವಿನದು. ಕಾರು ಅಂದರೆ ಇಲ್ಲಿ ಮನೆಯ ಅನುಕೂಲದ ಗುರುತು.