ಗೆರೆಯಾಚೆಯಿಂದ ಬರುವ ಚೆಂಡು

ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಚೆಂಡು ಗೆರೆ ದಾಟಿದರೆ ಒಬ್ಬ ಆಟಗಾರ ಹೊರಗೆ ನಿಂತು ಅದನ್ನು ಒಳಗೆ ಎಸೆಯುತ್ತಾನೆ. ನೋಡುವವರಿಗೆ ಅದು ಉಸಿರು ಬಿಡುವ ಹೊತ್ತು. ನಿಯಮಾವಳಿಯಲ್ಲಿ ಮಾತ್ರ ಇಷ್ಟು ತೇಪೆ ಬಿದ್ದಿರುವ ಭಾಗಗಳು ಕಡಿಮೆ.

ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ 13 ನಿಯಮಗಳ ಪ್ರಕಾರ, ಹೊರಹೋದ ಚೆಂಡು ಮೊದಲು ಮುಟ್ಟಿದವನದು. ಎಸೆಯಲು ಐದು ಸೆಕೆಂಡು. ಮುಟ್ಟುವ ಆತುರದಲ್ಲಿ ನೂಕುನುಗ್ಗಲು ಹೆಚ್ಚಿ, ಎರಡು ದಶಕಗಳ ಬಳಿಕ ಚೆಂಡು ಕೊನೆಗೆ ಯಾರಿಗೆ ತಾಗಿತ್ತೋ ಅವರ ಎದುರಾಳಿಗೆ ಸೇರಿತು. ಐದು ಸೆಕೆಂಡು ಇಂದಿಗೂ ಹಾಗೆಯೇ ಇದೆ.

ನಿಜವಾದ ತೊಡಕು ಶುರುವಾದದ್ದು ಗಡಿಯಾರದಿಂದ. 1990ರ ಜನವರಿ 15, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳಾದ ನಿಕ್ಸ್ ಮತ್ತು ಷಿಕಾಗೊ ಬುಲ್ಸ್ 106–106ರಲ್ಲಿ ಸಮ, ಉಳಿದದ್ದು 0.1 ಸೆಕೆಂಡು. ನಿಕ್ಸ್‌ನ ಟ್ರೆಂಟ್ ಟಕರ್ ಗೆರೆಯಾಚೆಯಿಂದ ಬಂದ ಚೆಂಡನ್ನು ಹಿಡಿದು, ತಿರುಗಿ, ಮೂರು ಅಂಕ ಗಳಿಸಿದರು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಇಷ್ಟೆಲ್ಲ ಮಾಡಲು ಮನುಷ್ಯನಿಂದ ಆಗದು. ಆದರೆ ಅಂಕಣದೊಳಗೆ ಚೆಂಡು ಮುಟ್ಟಿದ ಮೇಲಷ್ಟೇ ಗಡಿಯಾರ ಓಡಬೇಕು, ಅದನ್ನು ಓಡಿಸುವುದು ಒಂದು ಬೆರಳು. ಬೆರಳು ಕಣ್ಣಿಗಿಂತ ಹಿಂದೆ ಬೀಳುವುದು ತಪ್ಪಲ್ಲ, ದೇಹದ ಸ್ವಭಾವ. ಬುಲ್ಸ್‌ನ ದೂರು ತಿರಸ್ಕೃತವಾಯಿತು. ಆದರೂ ಮುಂದಿನ ಋತುವಿಗೆ ಹೊಸ ನಿಯಮ ಬಂತು. ಹಿಡಿದು ಹೊಡೆಯಬೇಕಾದರೆ ಕನಿಷ್ಠ 0.3 ಸೆಕೆಂಡು ಉಳಿದಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಗಾಳಿಯಲ್ಲಿರುವ ಚೆಂಡನ್ನು ಬುಟ್ಟಿಯತ್ತ ತಟ್ಟಬಹುದಷ್ಟೆ. 2004ರ ಮೇ 13ರಂದು ಲೇಕರ್ಸ್‌ನ ಡೆರೆಕ್ ಫಿಶರ್ 0.4 ಸೆಕೆಂಡಿನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ವಿರುದ್ಧ 74–73ರಲ್ಲಿ ಗೆಲ್ಲಿಸಿದಾಗ ಅದೇ ಅನುಮಾನ ಮತ್ತೆ ಎದ್ದಿತು. ಮಿತಿಯನ್ನು ಎಲ್ಲಿಟ್ಟರೂ ಅದರ ಪಕ್ಕದಲ್ಲೇ ಜಗಳ ಕಾದಿರುತ್ತದೆ.

ಇನ್ನೊಂದು ಸಂದಿ ತೀರ ಬೇರೆ ಬಗೆಯದು. ಗೆರೆಯಾಚೆಯಿಂದ ನೇರವಾಗಿ ಬುಟ್ಟಿಗೆ ಬಿದ್ದ ಚೆಂಡಿಗೆ ಅಂಕವಿಲ್ಲ. ಆದ್ದರಿಂದ ಎನ್‌ಬಿಎಯಲ್ಲಿ ಆ ಎಸೆತ ಸಾಮಾನ್ಯವಾಗಿ ಚೆಂಡು ಮುಟ್ಟಬಾರದ ಜಾಗದಲ್ಲಿ, ಅಂದರೆ ಬುಟ್ಟಿಯ ನೇರ ಮೇಲೆ, ಇದ್ದರೂ ಸಹ ಆಟಗಾರ ಅದನ್ನು ಒಳಗೆ ತಳ್ಳಬಹುದು. 2017ರ ಡಿಸೆಂಬರ್ 26ರಂದು ಮೆಂಫಿಸ್ ಎದುರು 0.6 ಸೆಕೆಂಡು ಉಳಿದಿದ್ದಾಗ ಫೀನಿಕ್ಸ್ ಸನ್ಸ್‌ನ ಟೈಸನ್ ಚಾಂಡ್ಲರ್ ಹಾಗೆಯೇ ತಳ್ಳಿ ಪಂದ್ಯ ಗೆಲ್ಲಿಸಿದರು. ಅಕ್ರಮವೆಂದು ಹಲವರು ಭಾವಿಸಿದ್ದು ಪೂರ್ತಿ ಸಕ್ರಮವಾಗಿತ್ತು. ಇಂಥ ಗಳಿಗೆಯಲ್ಲಿ ಬೈಗುಳ ಬೀಳುವುದು ತೀರ್ಪುಗಾರರ ಮೇಲೆ. ಪುಸ್ತಕ ಓದಿಕೊಂಡು ಬಂದವರಿಗೆ ಇದು ಅನ್ಯಾಯ.

ಭಾರತದಲ್ಲಿ ಆಡುವುದು ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮಗಳ ಪ್ರಕಾರ. ಅಲ್ಲಿಯೂ 0.3ರ ಮಿತಿಯಿದೆ. ದಶಮಾಂಶ ತೋರಿಸುವ ಗಡಿಯಾರವಿಲ್ಲದ ಅಂಕಣದಲ್ಲಿ ಆ ಮಿತಿಯನ್ನು ಕಾಯಬೇಕಾದವರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಮೇಜಿನ ಬಳಿ ಕುಳಿತವರು.