ಕಲ್ಯಾಣಿ ರಿಪೇರಿಗೆ ದುಡ್ಡು ಎಲ್ಲಿಂದ? ಕೋಲಾರದ ಹಳೆ ಪ್ರಶ್ನೆ

ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಹಾಗಾಗಿ ಕೋಲಾರದ ನಮ್ಮ ಬೀದಿಯವರು ಆ ತಿಂಗಳಲ್ಲೇ ಕಟ್ಟಿ ಮುಗಿಸುತ್ತೇವೆ. ಈ ಸಲ ಚಲನ್ ಕೈಗೆ ಬಂದಾಗ ಒಂದೊಂದೇ ಸಾಲು ಓದಿದೆ. ತೆರಿಗೆ, ಆರೋಗ್ಯ ಸೆಸ್, ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್. ಊರಿನ ಹಳೆ ಕಲ್ಯಾಣಿ, ಮಂಟಪ, ಅರಳಿಕಟ್ಟೆಗೆ ಅಂತ ಒಂದು ಸಾಲೂ ಇರಲಿಲ್ಲ.

ಹುಡುಕಿದ್ದಕ್ಕೆ ಕಾರಣ ಇದೆ. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಕಲ್ಯಾಣಿ ಇದೆ. ಅದರ ಗೋಡೆಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿದೆ. ನಾನು ಮೊದಲು ನೋಡಿದಾಗ ಅದು ಬೆರಳು ಗಾತ್ರ ಇತ್ತು. ಈಗ ಬೇರು ಒಳಗಿಳಿದು ಮೇಲಿನ ಮೂರು ಮೆಟ್ಟಿಲನ್ನು ಒಂದು ಗೇಣು ಮುಂದಕ್ಕೆ ನೂಕಿದೆ. ಬೀದಿಯವರು ಕಮಿಟಿ ಮಾಡಿಕೊಂಡು ಅರ್ಜಿ ಬರೆದೆವು, ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಎಲ್ಲ ಕಡೆ ‘ಶಿಫಾರಸು ಮಾಡಿದ್ದೇವೆ’ ಅಂತಲೇ ಹೇಳಿದರು. ದುಡ್ಡು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಇದು ಒಂದು ಕಲ್ಯಾಣಿಯ ಕಥೆ ಅಷ್ಟೇ ಅಲ್ಲ. ಮೈಸೂರು ಸಂಸ್ಥಾನ 1885ರಲ್ಲೇ ಪುರಾತತ್ವ ಇಲಾಖೆ ತೆರೆಯಿತು. ಅದರ ಮೊದಲ ನಿರ್ದೇಶಕ ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನಗಳಿಗೇ ಒಂದು ಇಡೀ ಸಂಪುಟ ತಂದರು. ಸ್ವಾತಂತ್ರ್ಯ ಬಂದ ಮೇಲೆ 1958ರಲ್ಲಿ ಕೇಂದ್ರ, 1961ರಲ್ಲಿ ರಾಜ್ಯ, ಸ್ಮಾರಕಗಳಿಗೆ ಬೇರೆಬೇರೆ ಕಾಯ್ದೆ ಮಾಡಿದವು. ಎರಡೂ ನಡೆಯುವುದು ಪಟ್ಟಿಯ ಮೇಲೆ. ನಮ್ಮ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ಕೇಂದ್ರದ ಪಟ್ಟಿಯಲ್ಲಿವೆ. ಅವಕ್ಕೆ ಕಾವಲಿದೆ, ನೋಡಿಕೊಳ್ಳಲು ಇಲಾಖೆ ಇದೆ. 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದು ಒಳ್ಳೆಯದೇ ಆಯಿತು.

ಪಟ್ಟಿಯಲ್ಲಿ ಇಲ್ಲದ್ದರ ಗತಿ? ಗುಡಿಗೆ ಸೇರಿದ್ದಾದರೆ ಮುಜರಾಯಿ. ಪಹಣಿಯಲ್ಲಿ ‘ಸರ್ಕಾರಿ ಖರಾಬು’ ಅಂತಿದ್ದರೆ ಕಂದಾಯ ಇಲಾಖೆ. ಎರಡೂ ಅಲ್ಲದಿದ್ದರೆ ನಗರಸಭೆ. ಯಾರದು ಅನ್ನೋದು ತೀರ್ಮಾನ ಆಗುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದು, ಇನ್ನೊಂದು ಮೆಟ್ಟಿಲು ಜಾರಿರುತ್ತದೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ದೊಡ್ಡ ಆಸೆ ಹುಟ್ಟಿಸಿತ್ತು. ನಗರಸಭೆಯಂಥ ಊರಿನ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳಲ್ಲಿ ಸಾಂಸ್ಕೃತಿಕ ವಿಷಯವೂ ಒಂದು. ಆದರೆ ವಾರ್ಡ್ ಸಮಿತಿ ಕಡ್ಡಾಯ ಆಗಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಾತ್ರ. 2011ರ ಗಣತಿಯಲ್ಲಿ ಕೋಲಾರ ಪಟ್ಟಣದ ಜನಸಂಖ್ಯೆ ಅದರ ಅರ್ಧವೂ ಇರಲಿಲ್ಲ. ಜಿಲ್ಲಾ ಯೋಜನಾ ಸಮಿತಿ ಇದೆ ನಿಜ, ಅದರ ಕೆಲಸ ಊರುಗಳ ಯೋಜನೆಗಳನ್ನು ಒಟ್ಟು ಸೇರಿಸಿ ಮೇಲಕ್ಕೆ ಕಳಿಸುವುದು.

ದುಡ್ಡು ಬಂದರೂ ಒಂದು ಭಯ ಇದೆ. ಎಸ್ಟಿಮೇಟ್‌ನಲ್ಲಿ ಸಾಮಾನ್ಯವಾಗಿ ಸಿಮೆಂಟೇ ಇರುತ್ತದೆ. ಹಳೆ ಕಲ್ಲು, ಇಟ್ಟಿಗೆ ಕೆಲಸಕ್ಕೆ ಸುಣ್ಣದ ಗಾರೆ ಬೇಕು. ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ, ಆಮೇಲೆ ಪಕ್ಕದ ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಅರೆಯುವ ಕೆಲಸ ನಿಧಾನ. ಕಡಿಮೆ ರೇಟು ಬರೆದವನಿಗೇ ಟೆಂಡರ್ ಹೋಗುವಾಗ ಆ ನಿಧಾನಕ್ಕೆ ಜಾಗ ಸಿಗುವುದು ಕಷ್ಟ ಅಲ್ವಾ? ಕೆಲಸ ಬಲ್ಲ ಒಬ್ಬರಾದರೂ ಶಿಫಾರಸು ಮಾಡುವ ಕಮಿಟಿಯಲ್ಲಿ ಕೂತಿರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗೆ ಕೂರಿಸಿದ ಊರುಗಳು ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2000ದಲ್ಲಿ ‘ಕಮ್ಯುನಿಟಿ ಪ್ರಿಸರ್ವೇಶನ್ ಆಕ್ಟ್’ ತಂದಿತು. ಊರಿನವರು ಮತ ಹಾಕಿ ಒಪ್ಪಿದರೆ ಮನೆ ತೆರಿಗೆಯ ಮೇಲೆ ಗರಿಷ್ಠ ಶೇ 3 ಹೆಚ್ಚುವರಿ ಕಟ್ಟುತ್ತಾರೆ, ರಾಜ್ಯವೂ ಒಂದಿಷ್ಟು ಸೇರಿಸುತ್ತದೆ. 5ರಿಂದ 9 ಜನರ ಸಮಿತಿಯಲ್ಲಿ ಇತಿಹಾಸ, ಯೋಜನೆ, ಪಾರ್ಕು, ವಸತಿ ನೋಡಿಕೊಳ್ಳುವ ಮಂಡಳಿಗಳವರು ಇರಲೇಬೇಕು. ವರ್ಷ ವರ್ಷ ಬಂದ ಹಣದಲ್ಲಿ ಕನಿಷ್ಠ ಶೇ 10 ಹಳೆ ಕಟ್ಟಡ, ಜಾಗಗಳಿಗೆ ಮೀಸಲು. ಬಯಲು ಜಾಗಕ್ಕೆ, ಕೈಗೆಟುಕುವ ವಸತಿಗೆ ಕೂಡ ತಲಾ ಅಷ್ಟೇ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ನಿಯಮ. ಸಮಿತಿ ಶಿಫಾರಸು ಮಾಡಿದ್ದನ್ನು ಊರಿನ ಸಭೆ ಕಡಿಮೆ ಮಾಡಬಹುದು, ಬೇಡ ಅನ್ನಬಹುದು. ಶಿಫಾರಸು ಇಲ್ಲದೆ ಆ ನಿಧಿಯಿಂದ ಒಂದು ಡಾಲರ್ ಕೂಡ ತೆಗೆಯುವಂತಿಲ್ಲ. ಅಲ್ಲಿನ 351 ಊರು, ಪಟ್ಟಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದನ್ನು ಒಪ್ಪಿಕೊಂಡಿವೆ.

ನಮ್ಮಲ್ಲೂ ಪಾಲು ಹಾಕುವ ರೂಢಿ ಹೊಸದಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆ ಗುಡಿಗಳನ್ನು ಎತ್ತಿ ನಿಲ್ಲಿಸುವಾಗ ಸರ್ಕಾರದ್ದೊಂದು ಪಾಲು, ಟ್ರಸ್ಟಿನದೊಂದು, ಊರವರದೊಂದು ಅಂತ ಕೂಡಿಸುತ್ತದೆ. ಕಲ್ಯಾಣಿಗೂ, ಮಂಟಪಕ್ಕೂ ಆ ಲೆಕ್ಕ ಹಾಕಬಹುದು. ಆದರೆ ಪ್ರತಿ ವರ್ಷ ಬರುವ ದುಡ್ಡಿಗೆ ಚಲನ್‌ನಲ್ಲಿ ಒಂದು ಸಾಲೇ ಬೇಕು. ಆ ಸಾಲು ಸೇರಿಸುವುದು ನಗರಸಭೆಯ ಕೈಲಿಲ್ಲ, ವಿಧಾನಸಭೆಯಲ್ಲಿ ಕಾಯ್ದೆ ಆಗಬೇಕು. ಗ್ರಂಥಾಲಯ ಸೆಸ್ ಬಂದಿದ್ದೂ ಹಾಗೇ, 1965ರ ಕಾಯ್ದೆಯಿಂದ.