ಹತ್ತು ನಿಮಿಷದ ಕಾಮಿಡಿ ನೋಡೋಕೆ ಥಿಯೇಟರಿಗೆ ಹೋಗ್ತಿದ್ರಾ?

ಓದುಗರ ಪ್ರಶ್ನೆ: ಚಾಪ್ಲಿನ್ ಅವರ ಶುರುವಿನ ಮೂಕಿ ಕಾಮಿಡಿಗಳು ಹತ್ತು-ಹದಿನೈದು ನಿಮಿಷಕ್ಕೆಲ್ಲ ಮುಗಿದುಹೋಗುತ್ತವೆ. ಇಷ್ಟಕ್ಕೇ ಜನ ದುಡ್ಡು ಕೊಟ್ಟು ಹೋಗುತ್ತಿದ್ದರಾ?

ಹೋಗುತ್ತಿದ್ದರು. ಆದರೆ ಮೊದಮೊದಲು ಬರೀ ಕಾಮಿಡಿಗಾಗಿ ಅಲ್ಲ.

1905ರ ಜೂನ್‌ನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹ್ಯಾರಿ ಡೇವಿಸ್, ಜಾನ್ ಹ್ಯಾರಿಸ್ ಎಂಬಿಬ್ಬರು ಒಂದು ಅಂಗಡಿ ಮಳಿಗೆಯಲ್ಲೇ ಕುರ್ಚಿ ಹಾಕಿಸಿ ಸಿನಿಮಾ ತೋರಿಸತೊಡಗಿದರು. ಟಿಕೆಟ್ 5 ಸೆಂಟ್. ಆ ನಾಣ್ಯಕ್ಕೆ ಅಲ್ಲಿ ನಿಕಲ್ ಅಂತಾರೆ. ಅದಕ್ಕೇ ಇಂಥ ಜಾಗಕ್ಕೆ ನಿಕಲೋಡಿಯನ್ ಎಂಬ ಹೆಸರು. ಕೆಲವೇ ವರ್ಷಗಳಲ್ಲಿ ಊರೂರಲ್ಲೂ ಇವು ಎದ್ದವು. ಒಂದು ರೀಲ್ ಅಂದರೆ ಸುಮಾರು 1,000 ಅಡಿ, ಹೆಚ್ಚೆಂದರೆ ಕಾಲು ಗಂಟೆ. ಒಂದು ಕಾಮಿಡಿ, ಒಂದು ಅಳಿಸುವ ಕಥೆ, ಯಾವುದೋ ದೂರದ ಊರಿನ ನೋಟ, ಹೀಗೆ ಜೋಡಿಸಿದ ಆಟ ದಿನವಿಡೀ ತಿರುಗುತ್ತಿತ್ತು. ಯಾವಾಗ ಬೇಕಾದರೂ ಒಳಗೆ ಹೋಗಬಹುದಿತ್ತು. ಸಾಮಾನು ತರಲು ಹೊರಟವರು, ಫ್ಯಾಕ್ಟರಿ ಬಿಟ್ಟು ಬಂದವರು ಸುಮ್ನೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಚಿತ್ರ ಮೂಕಿಯಾದರೂ ಹಾಲ್ ಮಾತ್ರ ಗಲಗಲ ಅನ್ನುತ್ತಿತ್ತು. ನನಗೆ ಈ ವಿಷಯದಲ್ಲಿ ಜಾಸ್ತಿ ಇಷ್ಟವಾಗುವುದೇ ಇದು. ಪರದೆಯ ಪಕ್ಕದಲ್ಲಿ ಪಿಯಾನೋ. ಅಟ್ಟಿಸಿಕೊಂಡು ಓಡುವ ದೃಶ್ಯ ಬಂತೋ, ನುಡಿಸುವವರ ಬೆರಳೂ ಓಡಬೇಕು. ರೀಲ್ ಬದಲಿಸುವಾಗ ಬಣ್ಣದ ಸ್ಲೈಡ್ ಹಾಕಿ ಹಾಡು ಹಾಡಿಸುತ್ತಿದ್ದರು. ಪಲ್ಲವಿಗೆ ನೋಡುಗರೆಲ್ಲ ದನಿಗೂಡಿಸುತ್ತಿದ್ದರು. ‘ಹೆಂಗಸರು ದಯವಿಟ್ಟು ಟೋಪಿ ತೆಗೆಯಿರಿ’ ಅಂತಲೂ ಒಂದು ಸ್ಲೈಡ್ ಇರುತ್ತಿತ್ತು. ಆಗಿನ ಟೋಪಿಗಳು ಅಷ್ಟು ಅಗಲ! ಕೂತವರಲ್ಲಿ ಬೇರೆ ದೇಶಗಳಿಂದ ದುಡಿಯಲು ಬಂದವರು ಬಹಳ. ಇಂಗ್ಲಿಷ್ ಬಾರದ ಅಪ್ಪ-ಅಮ್ಮನಿಗೆ ಮಕ್ಕಳೇ ಪರದೆಯ ಮೇಲಿನ ಅಕ್ಷರ ಓದಿ ಹೇಳುತ್ತಿದ್ದರು. ಕಾಮಿಡಿಗೆ ಅದೂ ಬೇಕಿರಲಿಲ್ಲ. ಜಾರಿ ಬಿದ್ದವನನ್ನು ನೋಡಿ ನಗಲು ಯಾವ ಭಾಷೆ ಬೇಕು, ಅಲ್ವಾ?

ಚಾಪ್ಲಿನ್ ಪರದೆಗೆ ಬಂದದ್ದು 1914ರಲ್ಲಿ. ಅಷ್ಟರಲ್ಲಿ ದೊಡ್ಡ ಥಿಯೇಟರ್‌ಗಳೂ, ಉದ್ದದ ಚಿತ್ರಗಳೂ ಬಂದಿದ್ದವು. ಆದರೂ ಒಂದೇ ವರ್ಷದಲ್ಲಿ ಲೆಕ್ಕ ತಿರುಗಿತು. ಅವರಷ್ಟೇ ಎತ್ತರದ ರಟ್ಟಿನ ಬೊಂಬೆಯನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಅದರ ಜೊತೆ ಬರೆದಿರುತ್ತಿದ್ದದ್ದು ಇಷ್ಟೇ: ‘ಇವತ್ತು ನಾನು ಇಲ್ಲಿದ್ದೇನೆ.’ ಉಳಿದ ಚಿತ್ರಗಳು ಯಾವುವು ಅಂತ ಯಾರೂ ಕೇಳುತ್ತಿರಲಿಲ್ಲ.